ಬಲತಿರುವು

ಎಡಕ್ಕ ಬಾಗೂದು ನನಗ ಯಾರೂ ಕಲಿಸಿಲ್ಲ.
ಜಾಂಬೋಟಿ ದಾಟಿ ಕಣಕುಂಬಿ ಕಡೆ ಹೊಂಟಾಗ
ಎಡತಿರುವು ಬಂದ್ರ ಗಾಡಿ ತಾನಽ ಮಲಗತೈತಿ,
ಕೆರಿಗೆ ಇಳಿಯೂ ಎಮ್ಮಿಯಂಗ, ನಿಶ್ಚಿಂತ.
ಬಲಕ್ಕ ಬಂತೋ, ಭುಜ ಬಿಗೀತೈತಿ,
ಹೆಲ್ಮೆಟ್ಟಿನೊಳಗ ಹಲ್ಲು ಹಲ್ಲಿಗೆ ಹತ್ತತೈತಿ.

ಆದ್ರೂ ನಾ ಜೋತು ಬಿದ್ದೇನಿ ಅಂತಽ ತಿಳಿದಿದ್ದೆ,
ಮೊಣಕಾಲಿಗೂ ಡಾಂಬರಿಗೂ ಇನ್ನೊಂದು ಗೇಣು, ಅಷ್ಟಽ ಅಂತ.
ಕಿಣಯೆ ಹತ್ರ ಪಂಚರ್ ಅಂಗಡಿಯ ದಸ್ತಗೀರ ಮುಜಾವರ
ರಸ್ತೆಬದಿ ನಿಂತು ಮೊಬೈಲಿನ್ಯಾಗ ಹಿಡಿದು ತೋರಿಸಿದ:
ಗಾಡಿ ಬಲಕ್ಕ, ತಲಿ ಎಡಕ್ಕ,
ನಡುವ ಬೆನ್ನು, ಹಿಡಿಕಿ ಕಳಚಿದ ಕುಡಗೋಲು.
ಕುಂಡಿ ಮಾತ್ರ ಹೊರಗ,
ಬಾಡಿಗಿ ತಕರಾರಿನ್ಯಾಗ ಅರ್ಧಾ ಸಾಮಾನು ಅಂಗಳಕ್ಕ ಇಟ್ಟಂಗ.
ಮೂರು ಸಲ ನೋಡಿದೆ. ನಾನಽ ಹೌದು. ಜಾಕೀಟು ನಂದಽ.

ದಸ್ತಗೀರ ತನ್ನ ಸುದ್ದಿ ಹೇಳಾವಲ್ಲ.
ಎಡಗಾಲಾಗ ಸ್ಟೀಲಿನ ಸಳಿ ಐತಿ, ಕುಂಟತಾನ.
ಅಂಗಡಿ ಮೂಲ್ಯಾಗ ಹಿತ್ತಾಳಿ ಕಪ್ಪೊಂದು,
ಅದರ ತುಂಬ ವಾಲ್ವ್ ಪಿನ್ನು.
ಗಾಡಿ ಸ್ಟ್ಯಾಂಡಿಗೆ ಏರಿಸಿ, ನನ್ನ ಮ್ಯಾಲ ಕೂರಿಸಿ,
ಟ್ರ್ಯಾಕ್ಟರ್ ಗಾಲಿ ತಂದವರೆಲ್ಲ ನೋಡೂಮುಂದ ಶುರು ಮಾಡಿದ:
ಹ್ಯಾಂಡಲ್ ಬಿಡು, ಅದೇನು ಬಸ್ಸಿನ ಕಂಬಿ ಅಲ್ಲ.
ಹೊರಗಿನ ತೊಡಿಲೆ ಟ್ಯಾಂಕ್ ಹಿಡಿ.
ಒಂದು ಕುಂಡಿ ಸಾಕು, ಎರಡೂ ಕೊಡಬ್ಯಾಡ.
ಬ್ರೇಕಿಗಿಂತ ಮೊದಲ ಸರಿ; ನಡುತಿರುವಿನ್ಯಾಗ ಸರದ್ರ
ಗಾಡಿ ಗಾಬರಿ ಆಗತೈತಿ.
ಗದ್ದ ಒಳಗಿನ ಕನ್ನಡಿಗೆ ಕೊಡು, ಮುತ್ತು ಕೊಟ್ಟಂಗ.
ಮೊಣಕೈ ಆಡಿಸು, ಕೋಳಿ ರೆಕ್ಕಿ ಬಡಿದಂಗ.
ಆಡತಾವ? ಹಂಗಾರ ನೀ ಇನ್ನೂ ಬದುಕೀದಿ.

ಎಡಕ್ಕ ಎಲ್ಲಾ ಬಂತು. ಬಲಕ್ಕ ಸೊಂಟ ಒಪ್ಪಲಿಲ್ಲ.
ಸುಮ್ಮನ ನೋಡಿದ, ಬೀಡಿ ಆರಿಸಿದ.
‘ಏನ ಕೆಲಸಾ?’
ಉದ್ಯಮಬಾಗದಾಗ ಲೇಥ್. ಹತ್ತೊಂಬತ್ತು ವರ್ಷ.
‘ಹೆಂಗ ನಿಲ್ಲತಿ, ನಿಂತು ತೋರಿಸು.’
ಇರದ ಮಷೀನಿನ ಮುಂದ ನಿಂತೆ.
ಭಾರೆಲ್ಲ ಎಡಗಾಲಿನ ಮ್ಯಾಲ,
ಕುತ್ತಿಗಿ ಎಡಕ್ಕ ತಿರುಗೂ ಚಕ್ಕಿನ ಕಡೆ,
ಬಲ ಹಿಮ್ಮಡ ನನಗ ಗೊತ್ತಿಲ್ಲದಽ ನೆಲ ಬಿಟ್ಟಿತ್ತು.
‘ಕಬ್ಬಿಣ ಅಷ್ಟಽ ಅಲ್ಲ ತಮ್ಮಾ,’ ಅಂದ,
‘ಲೇಥು ನಿನ್ನನ್ನೂ ಕಡದೈತಿ.’

ರಾತ್ರಿ ನಿದ್ದಿ ಹತ್ತಲಿಲ್ಲ.
ಯಾರ್ಯಾರದೋ ಎಂಜಿನ್ನಿಗೆ ಕ್ರ್ಯಾಂಕು ಕಡದೇನಿ,
ಕೂದಲೆಳಿ ಹೆಚ್ಚಾದ್ರ ಒಪ್ಪಿಲ್ಲ.
ಈ ಬೆನ್ನುಮೂಳಿಗೆ ಮೈಕ್ರೋಮೀಟರ್ ಹಿಡದವರು ಯಾರು?
ಕನ್ನಡ್ಯಾಗ ಅಂಗಿ ಬಿಚ್ಚಿ ನೋಡಿದೆ:
ಎಡಭುಜ ಒಂದು ಬೆರಳು ಕೆಳಗ.
ಹೆಂಡತಿ ಅಂದಳು: ಲಗ್ನದ ಫೋಟೋದಾಗೂ ಹಂಗಽ ಐತಿ,
ಫೋಟೋದವನ ತಪ್ಪು ಅನಕೊಂಡಿದ್ದೆ.

ಮುಂದಿನ ಐತವಾರ, ಮಂಜು ಹರಿಯೂಮುಂದ, ಅದಽ ಬಲತಿರುವು.
ಎದುರಿಗೆ ಗೋವಾದ ಮೀನಿನ ಲಾರಿ,
ಹಿಂದ ಬರ್ಫಿನ ನೀರು ರಸ್ತೆ ತುಂಬ ಚೆಲ್ಲಿಕೋತ.
ಗಾಲಿ ಎಡ ಅಂಚಿಗೆ ಇಟ್ಟೆ. ಮೊದಲಽ ಸರದೆ.
ಎಡತೊಡಿ ಟ್ಯಾಂಕಿಗೆ ಕಚ್ಚಿತು, ಗದ್ದ ಕನ್ನಡಿ ಹುಡುಕಿತು,
ಮೊಣಕೈ ಆಡಿಸಿದೆ. ಆಡಿದವು.
ಲಾರಿ ದಾಟಿತು, ಹೆಲ್ಮೆಟ್ ತುಂಬ ಉಪ್ಪಿನ ವಾಸನಿ.
ಆ ನೀರಿನ ಮ್ಯಾಲ ಹಿಂದಿನ ಗಾಲಿ ಒಂದೀಟು ಜಾರಿ
ತಾನಽ ಬಂದು ದಾರಿಗೆ ಕೂತಿತು.
ಕೈಗೆ ಸುದ್ದಿ ಮುಟ್ಟೂದ್ರಾಗ ಎಲ್ಲಾ ಮುಗಿದಿತ್ತು.
ಮೊಣಕಾಲು ನೆಲಕ್ಕ ತಾಗಲಿಲ್ಲ. ಅದು ನೆನಪಾಗಿದ್ದು
ಕಣಕುಂಬಿಯಾಗ ಚಾ ಕುಡಿಯೂಮುಂದ.

ಸ್ವಾಮಾರ ಮೊದಲ ಶಿಫ್ಟು.
ಬಲಗಾಲಿನ ಮ್ಯಾಲ ಭಾರ ಹಾಕಿ ನಿಂತೆ.
ಬಾಜೂ ಮಷೀನಿನ ಪಾಶ್ಚಾಪುರೆ ಕೇಳಿದ:
‘ಯಾಕಪಾ, ಕಾಲು ಉಳುಕೇತೇನು?’
ಮೊದಲನೇ ಜಾಬ್ ಅಳತಿ ಮೀರಿ ಕಡದುಹೋತು.
ಭಂಗಾರದ ಡಬ್ಬಿಗೆ ಒಗದೆ.
ಎರಡನೇದು ಚಕ್ಕಿಗೆ ಹಾಕಿದೆ,
ಕಾಲು ಬದಲಿ ಮಾಡಲಿಲ್ಲ.