ಕೆಂಡಕ್ಕೆ ನೀರು ಕುಡಿಸಿ

ಡೇರೆಗೆ ಆರುನೂರು, ಚಾಪೆ ಉಚಿತ.
ಶೇಗಡಿ ಬೇಕಾದರೆ ಇನ್ನೂ ನೂರೈವತ್ತು,
ಕರಟದ ಇದ್ದಿಲು ಒಂದು ಚೀಲ ಅದರಲ್ಲೇ ಬಂತು.
ಈ ಎರಡು ಬಾಲ್ದಿಗೆ ಮಾತ್ರ ದುಡ್ಡಿಲ್ಲ.
ಒಂದರಲ್ಲಿ ನೀರು,
ಇನ್ನೊಂದರಲ್ಲೂ ನೀರೇ.
ನಗಬೇಡಿ.
ಎದುರಿಗೆ ಇಡೀ ಕಡಲಿದೆ, ನಿಜ;
ಹೊತ್ತಿಕೊಂಡಾಗ ಅದು ಯಾವತ್ತೂ
ನಲವತ್ತು ಹೆಜ್ಜೆ ದೂರ.

ಗಾಳಿಮರದ ಕೆಳಗೆ ಬೇಡ.
ನೆರಳು ಚೆಂದ, ಒಪ್ಪಿದೆ,
ಏಪ್ರಿಲ್‌ನಲ್ಲಿ ಆ ಉದುರಿದ ಕಡ್ಡಿಗಳು
ಒಂದು ಬೀಡಿಯ ಕಿಡಿಗೇ ಕಾದುಕೊಂಡಿರುತ್ತವೆ.
ಅಲ್ಲೂ ಬೇಡ.
ಒಣ ಚಿಪ್ಪಿನ ಸಾಲು ಕಾಣುತ್ತದಲ್ಲ,
ನಿನ್ನೆಯ ಉಬ್ಬರ ಹಾಕಿ ಹೋದ ರುಜು ಅದು.
ನಾಡಿದ್ದು ಹುಣ್ಣಿಮೆ.
ಇವತ್ತು ರುಜು ಇನ್ನೂ ಮೇಲೆ ಬೀಳುತ್ತದೆ.

ಗಾಳಿ ಈಗ ಕಡಲಿನದು,
ಹೊಗೆ ಗುಡ್ಡದ ಕಡೆಗೆ, ನೀವು ಈ ಕಡೆಗೆ.
ಲೆಕ್ಕ ಸರಿಯಿದೆ ಅನಿಸುತ್ತದೆ.
ನಡುರಾತ್ರಿ ಅದು ಮಗ್ಗಲು ಬದಲಿಸಿ
ಗುಡ್ಡದಿಂದ ಇಳಿದು ಬರುತ್ತದೆ,
ಹೇಳದೆ ಕೇಳದೆ, ಕಿಡಿ ಹೊತ್ತುಕೊಂಡು.

ಆ ಬಂಗಡೆ ಎಷ್ಟು ಗಂಟೆಗೆ ಕೊಂಡದ್ದು?
ಕಾರವಾರದಲ್ಲಿ, ಹನ್ನೊಂದಕ್ಕೆ?
ಆಮೇಲೆ ಕಾರಿನ ಡಿಕ್ಕಿಯಲ್ಲಿ?
ಕಣ್ಣು ನೋಡಿ. ನಿಮ್ಮದಲ್ಲ, ಮೀನಿನದು.
ಬಿಡಿ, ಬೆಕ್ಕೂ ಮೂಸುವುದಿಲ್ಲ.
ಸಾತೇರಿಯ ಬುಟ್ಟಿಯಲ್ಲಿ ಈಗಷ್ಟೇ ಬಂದ ಸಿಗಡಿ ಇದೆ.
ಶೇಗಡಿಯ ಮೇಲೆ ಸಿಗಡಿ.
ಹೌದು, ಎಲ್ಲರೂ ಇದಕ್ಕೆ ನಗುತ್ತಾರೆ.

ಹೋದ ಮೇ ತಿಂಗಳು
ಹುಬ್ಬಳ್ಳಿಯ ಹುಡುಗರು, ಮೂವರು.
ಅಡ್ಡಮಳೆ ಬಂತು, ಹತ್ತು ನಿಮಿಷದ್ದು.
ಶೇಗಡಿ ನೆನೆಯುತ್ತದೆಂದು ಒಳಗೆಳೆದುಕೊಂಡು
ಜಿಪ್ಪು ಹಾಕಿಕೊಂಡರು.
ಹೊಗೆಯಿಲ್ಲ, ವಾಸನೆಯಿಲ್ಲ,
ಕೆಂಡ ಪಾಪ, ಸಾಧು ಅಂದುಕೊಂಡರು.
ನಾನು ಬಾಡಿಗೆ ಬಾಕಿ ಕೇಳಲು ಹೋದವಳು.
ಕೂಗಿದರೆ ಓ ಎನ್ನಲಿಲ್ಲ.
ಕಾಲು ಹಿಡಿದು ಎಳೆದೆ, ಒಬ್ಬೊಬ್ಬರನ್ನೇ, ಮಳೆಗೆ.
ಮೂರನೆಯವ ವಾಂತಿ ಮಾಡಿಕೊಂಡಾಗ
ನನಗೆ ಅಳು ಬಂತು.
ಬಾಕಿ ಇನ್ನೂ ಬಂದಿಲ್ಲ.

ನಮ್ಮ ಅಜ್ಜಿ ರಾತ್ರಿ ಒಲೆಯ ಕೆಂಡಕ್ಕೆ
ಬೂದಿ ಹೊದಿಸಿ ಮಲಗಿಸುತ್ತಿದ್ದಳು,
ಮಗುವಿಗೆ ಹೊದಿಸಿದ ಹಾಗೆ.
ಬೆಳಿಗ್ಗೆ ಕೆದಕಿದರೆ ಕಣ್ಣು ಬಿಡುತ್ತಿತ್ತು.
ಬೆಂಕಿಪೆಟ್ಟಿಗೆಯ ಕಾಸು ಉಳಿಯುತ್ತಿತ್ತು.
ಬೂದಿ ಮುಚ್ಚಿದ ಕೆಂಡ ಅಂತ
ಯಾರ ಯಾರ ಸಿಟ್ಟಿಗೋ ಹೇಳುತ್ತೀರಿ,
ಕೆಂಡದ ಬಗ್ಗೆಯೇ ಇದ್ದ ಮಾತು ಅದು.
ಮರಳೂ ಹಾಗೇ.
ಹೂತದ್ದು ಸತ್ತಿತು ಅನ್ನುವುದು ನಿಮ್ಮೂರಿನ ನಂಬಿಕೆ.

ಖೇಮು ಮಾಮ ರಂಪಣಿ ಎಳೆಯುವವರು.
ನಸುಕಿನಲ್ಲಿ ಹಗ್ಗ ಸೊಂಟಕ್ಕೆ ಸುತ್ತಿ
ಮುಖ ಕಡಲಿಗೆ, ಹೆಜ್ಜೆ ಹಿಂದೆ ಹಿಂದೆ.
ಆ ಕೆಲಸದಲ್ಲಿ ಹಿಂದೆ ಏನಿದೆ ಎಂದು
ಯಾರೂ ತಿರುಗಿ ನೋಡುವುದಿಲ್ಲ.
ಯಾರೋ ಜೋಪಾನವಾಗಿ, ಸಪಾಟಾಗಿ, 
ಮೇಲೊಂದು ಚಿಪ್ಪು ಕೂಡ ಇಟ್ಟು 
ಮರಳು ಮುಚ್ಚಿ ಹೋಗಿದ್ದರು.
ಹಿಮ್ಮಡಿ ಮೊದಲು ಇಳಿಯಿತು.
ಆಚೆ ಇಪ್ಪತ್ತು ಜನ, ಈಚೆ ಇಪ್ಪತ್ತು,
ಬಲೆ ಅರ್ಧ ನೀರಿನಲ್ಲಿ,
ಮಾಮ ಹಗ್ಗ ಬಿಡಲಿಲ್ಲ.
ಬಾಯಿಂದ ಏನು ಬಂತೋ,
ಎಳೆಯುವ ಕೂಗಿನೊಳಗೆ ಸೇರಿಹೋಯಿತು.
ಆ ದಿನ ತಾರ್ಲೆ ಚೆನ್ನಾಗಿ ಬಿತ್ತು ಅನ್ನುತ್ತಾರೆ.
ಈಗ ಅವರು ದಡದಲ್ಲಿ ಕೂತು ಬಲೆ ಹೊಲಿಯುತ್ತಾರೆ,
ಕಾಲು ಮಡಿಸದೆ.

ಆಯಿತು, ತಿನ್ನಿ, ಹಾಡಿ,
ಕಡಲಿಗೆ ಕುಡಿದು ಇಳಿಯಬೇಡಿ.
ಮಲಗುವ ಮೊದಲು ಎರಡೂ ಬಾಲ್ದಿ ಸುರಿಯಿರಿ.
ಚುಂಯ್ ಅನ್ನುತ್ತದೆ, ಬೈಯುತ್ತದೆ, 
ಬೈಗುಳ ನಿಲ್ಲುವವರೆಗೆ ಕೋಲಿನಿಂದ ಕಲಕಿ.
ಆಮೇಲೆ ಅಂಗೈಯ ಹಿಂಬದಿ ಹತ್ತಿರ ಹಿಡಿದು ನೋಡಿ,
ಜ್ವರ ನೋಡುವ ಹಾಗೆ.

ಐದಕ್ಕೆ ಅವರು ಬರುತ್ತಾರೆ, ಬರಿಗಾಲಲ್ಲಿ.
ಚಾಪೆ ಕೊಡುವಾಗ ಮರಳು ಕೊಡವಿ ಕೊಡಿ.