ಜೇಬಿನ ತಳದ್ದು

ಬಟ್ಟೆಯ ಜೇಬಿಗೆ ಮೊದಲು ನನ್ನ ಕೈ ಹೋಗುತ್ತದೆ,
ನೀರು ಆಮೇಲೆ.
ಮನಾಮಾ, ಗುದೈಬಿಯಾದ ಹಿಂದಿನ ಓಣಿ,
ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಕಾಯಬೇಕಾದ ಲಾಂಡ್ರಿ.
ಇಪ್ಪತ್ತೆರಡು ವರ್ಷದಲ್ಲಿ ಸಿಕ್ಕಿದ್ದು ಒಂದೆರಡಲ್ಲ:
ಸಿಮ್ಮು, ಸೂಜಿ, ತೆರೆಯದ ಕಾಗದ,
ಹತ್ತಿಯಲ್ಲಿ ಸುತ್ತಿದ ಯಾವುದೋ ಮಗುವಿನ ಹಾಲುಹಲ್ಲು.
ಮತ್ತೆ ಫಿಲ್ಸು. ಐದು, ಹತ್ತು, ಇಪ್ಪತ್ತೈದು.
ವಾಪಸು ಕೊಟ್ಟರೆ ‘ಇರಲಿ ಬಿಡು ಐತಪ್ಪಣ್ಣ’ ಅನ್ನುತ್ತಾರೆ,
ಇರಲಿ ಅಂದದ್ದು ಹಾಲುಪುಡಿಯ ಡಬ್ಬಕ್ಕೆ ಬೀಳುತ್ತದೆ.

ಗುರುವಾರ ಸಂಜೆ ರುಮಾನಾ ಬಂದು
ಇಸ್ತ್ರಿಮೇಜಿನ ಬೆಚ್ಚಗಿನ ತುದಿಯಲ್ಲಿ ಡಬ್ಬ ಬೋರಲು ಹಾಕುತ್ತಾಳೆ.
‘ಇಪ್ಪತ್ತೈದು ಎಷ್ಟಿದ್ದರೆ ಒಂದು ದಿನಾರು?’
ಬೆರಳು ಮಡಿಸದೆ ಹೇಳುತ್ತಾಳೆ: ನಲವತ್ತು.
ಆರು ವರ್ಷ. ಶಾಲೆಯ ಗೇಟು ನೋಡಿದ್ದಾಳೆ, ಹೊರಗಿನಿಂದ.
ಶಾಲೆ ಕಾರ್ಡು ಕೇಳುತ್ತದೆ,
ಕಾರ್ಡಿನವರು ಅಪ್ಪನನ್ನು ಕೇಳುತ್ತಾರೆ,
ಅಪ್ಪ ಯಾರನ್ನೂ ಕೇಳದೆ ಹೋದ.
ತಾಯಿ ನಾಲ್ಕು ಮನೆಯ ನೆಲ ಒರೆಸುತ್ತಾಳೆ,
ವೀಸಾ ಮುಗಿದ ಮೇಲೂ ನೆಲ ಕೊಳೆಯಾಗುತ್ತಲೇ ಇದೆ.

ಮೇಲೆ ತಾರಸಿಯಲ್ಲಿ, ಎರಡು ನೀರಿನ ಟ್ಯಾಂಕಿಯ ನಡುವಿನ ನೆರಳಲ್ಲಿ
ಹಿಲ್ಡಾ ಬಾಯಿ ಏಳು ಮಕ್ಕಳಿಗೆ ಪಾಠ ಹೇಳುತ್ತಾರೆ.
ಡಬ್ಬದ ದುಡ್ಡು ಸೀಮೆಸುಣ್ಣವಾಗುತ್ತದೆ, ಕಾಪಿ ಪುಸ್ತಕವಾಗುತ್ತದೆ,
ಮಧ್ಯಾಹ್ನ ಇರಾನಿಯ ಭಟ್ಟಿಯಿಂದ ಬಿಸಿ ರೊಟ್ಟಿಯಾಗುತ್ತದೆ,
ಪೇಪರಿನಲ್ಲಿ ಸುತ್ತಿ ತಂದರೆ
ಅರಬಿ ಸುದ್ದಿ ರೊಟ್ಟಿಯ ಬೆನ್ನಿಗೆ ಅಂಟಿರುತ್ತದೆ.
‘ಇದೆಲ್ಲ ಯಾರದ್ದು?’ ಎಂದು ಒಮ್ಮೆ ಕೇಳಿದಳು.
ಗೊತ್ತಿಲ್ಲ ಅಂದೆ. ಸುಳ್ಳಲ್ಲ.

ನಮ್ಮ ಶಾಲೆಯಲ್ಲಿ ಗೊತ್ತಿತ್ತು.
ಹಳದಿ ಜೋಳದ ರವೆಯ ಉಪ್ಪಿಟ್ಟು,
ಚೀಲದ ಮೇಲೆ ಕೈಗೆ ಕೈ ಕೊಟ್ಟ ಚಿತ್ರ.
ಮಾಷ್ಟ್ರು ಚೀಲ ನಿಲ್ಲಿಸಿ ಹೇಳುತ್ತಿದ್ದರು, ಕೊಟ್ಟವರಿಗೆ ಕೈಮುಗಿಯಿರಿ.
ಮುಗಿದೆವು. ಉಪ್ಪಿಟ್ಟು ಆರಿತು.
ಖಾಲಿ ಚೀಲ ಬೇಡಿ ತಂದು ಅಮ್ಮ ನನಗೆ ಚಡ್ಡಿ ಹೊಲಿದಳು,
ಆ ಎರಡು ಕೈ ಸರಿಯಾಗಿ ಅಂಡಿನ ಮೇಲೆ ಬಂತು.
ಏಳನೆಯವರೆಗೂ ನಾನು ಗೋಡೆಗೆ ಬೆನ್ನು ಕೊಟ್ಟೇ ನಿಂತವ.

ಹೋದ ವರ್ಷ ಸಂಘದ ಅಧ್ಯಕ್ಷರ ಕೋಟು ಬಂತು.
ಒಳಜೇಬಿನಲ್ಲಿ ನಾಲ್ಕು ಮಡಿಕೆಯ ಭಾಷಣ:
‘ಹಸಿದ ಮಗುವಿನ ಕಣ್ಣಲ್ಲಿ ದೇವರಿದ್ದಾನೆ’.
ದೇವರ ಕೆಳಗೆ ಕರಗಿದ ಪೆಪ್ಪರಮೆಂಟು,
ಅದಕ್ಕಂಟಿದ ಇಪ್ಪತ್ತೈದು ಫಿಲ್ಸು.
ಭಾಷಣಕ್ಕೆ ಹದವಾಗಿ ಇಸ್ತ್ರಿ ತಾಗಿಸಿ ಕೊಟ್ಟೆ.
ನಾಣ್ಯ ಅವರು ಕೇಳಲಿಲ್ಲ,
ನಾನೂ ಹೇಳಲಿಲ್ಲ.

ತಾರಸಿಯ ಸುದ್ದಿ ಹೇಗೋ ತಲುಪಿ ಅವರೇ ಬಂದರು,
ಹತ್ತು ಮೂಟೆ ಅಕ್ಕಿ, ಒಂದು ಬ್ಯಾನರು, ಕ್ಯಾಮೆರಾದ ಹುಡುಗ.
ಮಕ್ಕಳು ಸಾಲಾಗಿ ನಿಲ್ಲಲಿ ಅಂದರು.
ಹಿಲ್ಡಾ ಬಾಯಿ ಬಾಗಿಲಿಗೆ ಅಡ್ಡ ನಿಂತು,
‘ಈ ಮುಖಗಳಿಗೆ ಕಾಗದವಿಲ್ಲ ಸರ್,
ಫೋಟೋ ಎಲ್ಲೆಲ್ಲಿ ಹೋಗುತ್ತದೆ ನಿಮಗೂ ಗೊತ್ತಿಲ್ಲ’ ಅಂದರು.
ಅವರು ಟೈ ಸಡಿಲಿಸಿದರು. ಸ್ವಲ್ಪ ಹೊತ್ತು ಟ್ಯಾಂಕಿ ನೋಡಿದರು.
ಕೊನೆಗೆ ಬ್ಯಾನರು ಮಡಚಿಸಿ
ಮೂಟೆಗಳ ಪಟ ಮಾತ್ರ ತೆಗೆಸಿಕೊಂಡು ಇಳಿದರು.

ನಗುವುದು ಸುಲಭ. ನಾನೂ ನಕ್ಕೆ.
ಆದರೆ ಜುಲೈಯಲ್ಲಿ ಜನ ಊರಿಗೆ ಹೋಗುತ್ತಾರೆ,
ಜೇಬುಗಳೂ ಅವರ ಜೊತೆ ಹೋಗುತ್ತವೆ.
ಡಬ್ಬ ಅಲ್ಲಾಡಿಸಿದರೆ ಒಂದೇ ನಾಣ್ಯದ ಸದ್ದು.
ಆ ಎರಡು ತಿಂಗಳು ಏಳು ತಟ್ಟೆಗೆ ಬಿದ್ದದ್ದು ಅಧ್ಯಕ್ಷರ ಅಕ್ಕಿಯೇ.
ಅವರ ಕೋಟಿಗೆ ಈಗ ಕಾಸು ತಗೊಳ್ಳುವುದಿಲ್ಲ,
ಯಾಕೆಂದು ಅವರಿಗೆ ಹೇಳಿಯೂ ಇಲ್ಲ.

ನಿನ್ನೆ ರುಮಾನಾಳ ಲಂಗ ಒಗೆಯಲು ಬಂತು.
ಅಭ್ಯಾಸದ ಕೈ ಜೇಬಿಗೆ ಹೋಯಿತು.
ಬೆರಳುದ್ದದ ಸೀಮೆಸುಣ್ಣ,
ಒಣಗಿ ಗಟ್ಟಿಯಾದ ಕಾಲು ಭಾಗ ರೊಟ್ಟಿ.
ತಮ್ಮನಿಗಿರಬೇಕು, ಅಥವಾ ನಾಳೆಗೆ.
ತೆಗೆದಿಟ್ಟು ಒಗೆದೆ, ಒಣಗಿಸಿದೆ,
ಎರಡನ್ನೂ ಇದ್ದಲ್ಲೇ ಇಟ್ಟು
ಜೇಬೊಂದು ಬಿಟ್ಟು
ಸುತ್ತ ಇಸ್ತ್ರಿ ಹಾಕಿದೆ.