ಎಡಗೈ ಆಟ

ಬುಟ್ಟಿ ಒಂದೇ. ಉಳಿದ ಎಂಟೂ ಮರ, ಕಂಬ, ಕಲ್ಲು.
ಮೊದಲನೇದು ಕೆಲಗೇರಿ ಕೆರಿ ಏರಿ ಮ್ಯಾಲಿನ ಬೇವು,
ಎರಡನೇದು ಟೊಂಗಿ ಮುರಿದ ಜಾಲಿ,
ಮೂರನೇದು ಪಂಪ್‌ಹೌಸಿನ ತುಕ್ಕು ಹಿಡಿದ ಬಾಗಲಾ,
ತಾಗಿದರ ಒಳಗ ಯಾರೋ ಬೈದಂಗ ಸಪ್ಪಳ.
ಮುಂದಿನವು ಕೇಳಬ್ಯಾಡ್ರಿ.
ಯಾರ ಎಮ್ಮಿ ಎಲ್ಲಿ ಮಲಗೇದ ಅನ್ನೂದರ ಮ್ಯಾಲ
ವಾರಾ ವಾರಾ ಬದಲಾಗ್ತಾವ.

ಬುಟ್ಟಿ ಮಾಡಿದಾಂವ ವೆಲ್ಡಿಂಗ್ ಉಳ್ಳಾಗಡ್ಡಿ.
ಡಾಂಬರ್ ಡ್ರಮ್ಮಿನ ಅರ್ಧ ತಳಾ,
ಸುತ್ತಲೂ ಇಪ್ಪತ್ನಾಕು ಹಳೇ ಸೈಕಲ್ ಚೈನು.
‘ಗಾಲ್ಫ್ ಅಂದ್ರ ಕೋಲು ಬೇಕಲ್ರೀ ಟೀಚರ?’
‘ಬ್ಯಾಡೋ ಮಾರಾಯಾ, ತಾಟು ಸಾಕು,’ ಅಂದಿದ್ರು
ಪಿ.ಟಿ. ಮಂದಾಕಿನಿ.
ಯಾವುದೋ ಶಿಬಿರದವರು ಬಿಟ್ಟುಹೋದ ತಾಟು ಆರು,
ಈಗ ನಾಕು.
ಒಂದು ಕೆರಿ ನುಂಗೇತಿ.
ಇನ್ನೊಂದು ಎಮ್ಮಿ ಕಾಯೋ ಫಕ್ಕೀರವ್ವನ ಮಜ್ಜಿಗಿ ಗಡಿಗಿ ಮ್ಯಾಲ.
ಕೇಳಿದ್ವಿ. ‘ಮುಚ್ಚಳಾ ಛಲೋ ಕುಂದರತೈತಿ,’ ಅಂದಳು.
ಮಾತು ಮುಗೀತು.

ರವಿವಾರ ಆರಕ್ಕ ಸುರು.
ಜೋಯೆಲ್ ಪ್ರಾರ್ಥನಾದ ಇಸ್ತ್ರಿ ಅಂಗಿ ಹಾಕ್ಕೊಂಡೇ ಬರ್ತಾನ,
ಕೆಸರು ಸಿಡೀಬಾರದಂತ ಮೆಲ್ಲಕ ಒಗೀತಾನ,
ಅದಕ್ಕಂತನ ಸೋಲ್ತಾನ.
ಲೆಕ್ಕ ಬರಿಯಾಂವ ನಾನು, ಪೋಸ್ಟ್‌ಮನ್,
ಹಳೇ ಮನಿಯಾರ್ಡರ್ ಫಾರ್ಮಿನ ಹಿಂದ.
ಗೆಲ್ಲಾಂವ ಯಾವತ್ತೂ ಗಾದಿ ಅಂಗಡಿ ದಾವಲಸಾಬ.
ಹತ್ತಿ ಹಿಂಜಿ ಹಿಂಜಿ ಪಳಗಿದ ತೋಳು,
ತಾಟು ಅವನ ಕೈ ಬಿಟ್ಟರ
ಮನಿ ನೆನಪಾದ ಪಾರಿವಾಳ.

ಶ್ರಾವಣದಾಗ ಆ ತೋಳು ಏಳಲಿಲ್ಲ.
ಭುಜಾ ಹೆಪ್ಪುಗಟ್ಟೇತಿ ಅಂದ್ರಂತ ಡಾಕ್ಟರು.
‘ಮೊಸರೇನ್ರಿ, ಹೆಪ್ಪುಗಟ್ಟಾಕ?’
ನಕ್ಕ. ನಗೂದು ಅರ್ಧಕ್ಕ ನಿಂತಿತು.
ಮೂರು ರವಿವಾರ ಏರಿ ಮ್ಯಾಲ ಕುಂತು
ನನ್ನ ಪೆನ್ಸಿಲ್ ಇಸಗೊಂಡು ಲೆಕ್ಕ ಬರದ, ಎಡಗೈಲೆ.
ಆರು ಯಾವುದು ಒಂಬತ್ತು ಯಾವುದು ತಿಳೀಲಿಲ್ಲ.

ನಾಕನೇ ವಾರ ಟೀಚರು ಏನೂ ಅನ್ನಲಿಲ್ಲ.
ತಾಟು ಎಡಗೈಗೆ ತಗೊಂಡ್ರು, ಒಗದ್ರು.
ಅದು ಹಿಂದಕ್ಕ ಹಾರಿ ಜೋಯೆಲನ ಕಿವಿ ಸವರಿ ಹೋತು.
ಆಮ್ಯಾಲ ಉಳ್ಳಾಗಡ್ಡಿ, ಎಡಗೈ. ನಾನು, ಎಡಗೈ.
ಯಾಕಂತ ಯಾರೂ ಕೇಳಲಿಲ್ಲ,
ಹೊಸಾ ಕಾನೂನು ಬಂದಂಗ.
ದಾವಲಸಾಬ ಸುಮ್ಮನ ನೋಡಿದ.
ಪೆನ್ಸಿಲ್ ನನ್ನ ಕಿಸೆಕ್ಕ ತುರುಕಿದ.
ಎದ್ದ.

ಅವತ್ತಿಂದ ಎಲ್ಲಾರೂ ಒಂದೇ ಸಮ ಕೆಟ್ಟ ಆಟಗಾರರು.
ತಾಟು ಎಲ್ಲೆಲ್ಲೋ ಬಿತ್ತು, ನಾವೂ ಹಿಂದಿಂದ ಹೋದ್ವಿ.
ಆರು ವರ್ಷ ಆಡಿದ ಜಾಗಾದಾಗ
ಕಾಣದ್ದೆಲ್ಲಾ ಕಂಡಿತು:
ದಂಡಿ ಮಣ್ಣಾಗ ಮಿಂಚುಳ್ಳಿ ತೂತು,
ಯಾರೋ ಮುಚ್ಚಿಟ್ಟ ಇಸ್ಪೀಟು, ಒಂದು ರಾಣಿ ಕಡಿಮಿ,
ಮತ್ತ ಉಳ್ಳಾಗಡ್ಡಿಗೆ ಈಜಾಕ ಬರೂದಿಲ್ಲ ಅನ್ನೂದು.

ಹೋದ ಮಂಗಳವಾರ ಟಪಾಲು ಹಂಚ್ಕೋತ ಹೊಂಟಿದ್ದೆ.
ಗಾದಿ ಅಂಗಡಿ ಮುಂದ ಟೆಂಪೋ.
ಇಬ್ಬರು ಮಲಗೋ ಗಾದಿ ತಲಿ ಮ್ಯಾಲೆತ್ತಿ ಏರಿಸಾಕತ್ತಿದ್ದ,
ಬಲಗೈ ಸೊಟ್ಟಿಲ್ಲ, ನಡುಕಿಲ್ಲ.
ನನ್ನ ನೋಡಿದ.
ನಾನು ಕೈಯಾಗಿನ ಕವರಿನ ಪತ್ತಾ ಓದಿದೆ, ಎರಡು ಸಲ,
ಮುಂದ ಹೋದೆ.

ಇವತ್ತು ಬಂದ. ಎಡಗೈಲೆ ಒಗದ.
ಕುಡದ ಗಾಳಿಪಟದಂಗ ತೂರಾಡಿ ಹೋಗಿ
ಚೈನಿಗೆ ಬಡೀತು ತಾಟು.
ಇಪ್ಪತ್ನಾಕು ಸೈಕಲ್ಲು ಒಮ್ಮೆಲೇ ಹೊಂಟಂಗ ಸದ್ದು.
ಉಳ್ಳಾಗಡ್ಡಿ ಸೀಟಿ ಹೊಡದ. ಎಮ್ಮಿ ಎದ್ದು ನಿಂತಿತು,
ಆರನೇ ಗುರಿ ನಡಕೋತ ಹೋತು.

ಏರಿ ಮ್ಯಾಲಿಂದ ಫಕ್ಕೀರವ್ವ ಕರದಳು.
ಮುಚ್ಚಳಾ ತಗದು ಬಗಲಾಗಿಟ್ಟುಕೊಂಡು
ಮಜ್ಜಿಗಿ ಸುರುವಿ ಲೋಟಾ ಕೆಳಗ ಚಾಚಿದಳು.
ಹಿರೇರ ಕೈಯಿಂದ ಎಡಗೈಲೆ ಇಸಗೋಬಾರದಲ್ಲ.
ದಾವಲಸಾಬ ಬಲಗೈ ಎತ್ತಿದ,
ಭುಜಾ ದಾಟಿ, ಕಿವಿ ದಾಟಿ, ಪೂರ್ತಿ ಮ್ಯಾಲಕ್ಕ.

ನಾವೆಲ್ಲಾ ಕೆರಿ ಕಡೆ ನೋಡಿದ್ವಿ.
ಅಲ್ಲಿ ಏನೂ ಇರಲಿಲ್ಲ.